ಕ್ಷೇತ್ರ-ತರಂಗ ವಿಚಾರ: ವಿದ್ಯುತ್ಕಾಂತ ಮತ್ತು ಗುರುತ್ವಗಳ ಹೋಲಿಕೆಯ ವಿಮರ್ಶೆ

ವಿದ್ಯುತ್ಕಾಂತ ಬಲವನ್ನೂ ಗುರುತ್ವಬಲವನ್ನೂ ಒಂದಕ್ಕೊಂದು ಹೋಲಿಸಿ ಹೇಳುವ ಪದ್ಧತಿಯು ವಿಜ್ಞಾನಬೋಧೆಯಲ್ಲಿ ಆಳವಾಗಿ ಬೇರೂರಿದುದಾಗಿದೆ. ಎರಡೂ ದೂರದಿಂದಲೇ ವ್ಯಾಪಾರ ನಡಸುವಂತೆ ತೋರುವ ಬಲಗಳು. ಎರಡೂ ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗತಕ್ಕವು. ಎರಡಕ್ಕೂ ಕ್ಷೇತ್ರವುಂಟು, ಎರಡಕ್ಕೂ ತರಂಗವುಂಟು, ಆ ತರಂಗಗಳೆರಡೂ ಬೆಳಕಿನ ವೇಗದಿಂದಲೇ ಸಾಗುತ್ತವೆ. ಇವಿಷ್ಟೂ ನಿಜವೇ. ಆದರೆ ಹೋಲಿಕೆಯೆಂಬುದು ಯಾವ ಶಾಸ್ತ್ರದಲ್ಲಿ ಬಂದರೂ ಅಲಂಕಾರಶಾಸ್ತ್ರದ ವಿಚಾರಣೆಗೆ ಒಳಪಡತಕ್ಕದ್ದು. ಉಪಮೆಯಲ್ಲಿ ಉಪಮೇಯ, ಉಪಮಾನ, ಸಾಧಾರಣಧರ್ಮ, ವಾಚಕವೆಂಬ ನಾಲ್ಕು ಅಂಗಗಳುಂಟೆಂದೂ, ರೂಪಕದಲ್ಲಿ ಆ ಎರಡಕ್ಕೆ ಅಭೇದವನ್ನೇ ಆರೋಪಿಸುತ್ತಾರೆಂದೂ, ವ್ಯತಿರೇಕದಲ್ಲಿ ಉಪಮೇಯವು ಉಪಮಾನದಿಂದ ಯಾವ ಅಂಶದಲ್ಲಿ ಬೇರೆಯೆಂಬುದೇ ಮುಖ್ಯವಾಗುತ್ತದೆಂದೂ ಕವಿರಾಜಮಾರ್ಗದ ಕಾಲದಿಂದ ಕನ್ನಡ ಲಾಕ್ಷಣಿಕರು ಬಲ್ಲರು. ಪ್ರಕೃತ ಹೋಲಿಕೆಯು ಉಪಮೆಯಾಗಿ ಹುಟ್ಟಿ, ಪಾಠಶಾಲೆಯಲ್ಲಿ ರೂಪಕವಾಗಿ ಗಟ್ಟಿಗೊಂಡು, ವಸ್ತುಸ್ಥಿತಿಯಲ್ಲಿ ವ್ಯತಿರೇಕವಾಗಿ ನಿಲ್ಲಬೇಕಾದುದು. ಹಾಗೆ ನಿಲ್ಲಿಸುವುದಕ್ಕೆ ಬೇಕಾದ ಮಾತುಗಳು ಕನ್ನಡದಲ್ಲಿ ಇವೆಯೇ, ಇದ್ದರೆ ಅವುಗಳನ್ನು ಸರಿಯಾಗಿ ಬಳಸಲಾಗಿದೆಯೇ ಎಂಬುದು ಇಲ್ಲಿಯ ಪ್ರಶ್ನೆ.

ಈ ವಿಚಾರಣೆಗೆ ದಕ್ಷಿಣಕನ್ನಡದ ಪುತ್ತೂರು, ಸುಳ್ಯ, ಕಡಬಗಳ ಸೀಮೆಯನ್ನು ನೆಲೆಯಾಗಿ ಇಟ್ಟುಕೊಳ್ಳುವುದಕ್ಕೆ ಕಾರಣವುಂಟು. 1918ರಲ್ಲಿ ಬೆಂಗಳೂರಿನಿಂದ ಹೊರಟ ‘ವಿಜ್ಞಾನ’ ಮಾಸಪತ್ರಿಕೆಯು ಕನ್ನಡ ಶಾಸ್ತ್ರಗದ್ಯಕ್ಕೆ ಒಂದು ದಾರಿಯನ್ನು ತೋರಿಸಿತು. ಆದರೆ ಒಬ್ಬನೇ ಲೇಖಕನು ಜಗತ್ತಿನ ಸಮಸ್ತ ವಿಷಯಗಳನ್ನೂ ಕನ್ನಡದ ಮಕ್ಕಳಿಗೆ ಹೇಳಲು ಕೈಹಾಕಿದ ಸಾಹಸವು ನಡೆದುದು ಪುತ್ತೂರಿನಲ್ಲಿ. ಶ್ರೀ ಶಿವರಾಮ ಕಾರಂತರ ‘ಬಾಲಪ್ರಪಂಚ’ದ ಮೂರು ಸಂಪುಟಗಳು 1936ರಲ್ಲಿಯೂ, ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳು 1959ರಿಂದ ಮುಂದಕ್ಕೂ ಬೆಳಕು ಕಂಡವು. ವಿಶ್ವವಿದ್ಯಾನಿಲಯದ ಪೀಠವಾಗಲಿ ಪ್ರಯೋಗಶಾಲೆಯಾಗಲಿ ಇಲ್ಲದ ಊರಿನಲ್ಲಿ, ಪರ್ಲಡ್ಕದ ಬಾಲವನದಲ್ಲಿ ನೆಲಸಿದ ಒಬ್ಬ ಕಾದಂಬರಿಕಾರರು ಈ ಕೆಲಸವನ್ನು ಮಾಡಿದರೆಂಬುದು ಕನ್ನಡಕ್ಕೆ ಹೆಮ್ಮೆಯೂ ಹೌದು, ಕನ್ನಡದ ವಿದ್ಯಾಸಂಸ್ಥೆಗಳಿಗೆ ಸ್ವಲ್ಪ ನಾಚಿಕೆಯೂ ಹೌದು. ಇನ್ನೊಂದು ಕಾರಣವು ಭಾಷೆಗೆ ಸಂಬಂಧಪಟ್ಟುದು. ಭೌತವಿಜ್ಞಾನಕ್ಕೆ ಪರಿಭಾಷೆಯಾಗಿ ಬಂದಿರುವ ಆವೇಶ, ಕ್ಷೇತ್ರ, ತರಂಗ ಮೊದಲಾದ ಮಾತುಗಳಿಗೆ ಈ ಸೀಮೆಯ ಬಾಳಿನಲ್ಲಿ ಗಟ್ಟಿಯಾದ ಬೇರೆ ಅರ್ಥಗಳು ಜೀವಂತವಾಗಿವೆ. ಪಾರಿಭಾಷಿಕ ಶಬ್ದದ ಯೋಗ್ಯತೆಯನ್ನು ಅಳೆಯುವುದಕ್ಕೆ ಇಂಥ ನೆಲಕ್ಕಿಂತ ಉತ್ತಮವಾದ ಒರೆಗಲ್ಲು ದೊರೆಯದು.

ಮೊದಲು ಹೋಲಿಕೆಯ ಪೂರ್ವಚರಿತ್ರೆಯನ್ನು ಸ್ವಲ್ಪದರಲ್ಲಿ ನೋಡಬಹುದು. ನ್ಯೂಟನನ ಗುರುತ್ವನಿಯಮವು 1687ರಲ್ಲಿ ಪ್ರಕಟವಾಯಿತು. ವಿದ್ಯುತ್ತಿಗೂ ಅದೇ ಆಕಾರದ ನಿಯಮವುಂಟೆಂದು ಕೂಲಂಬನು 1785ರಲ್ಲಿ ತೋರಿಸಿದನು. ಅಂದರೆ ಆಗ ಗುರುತ್ವವು ಉಪಮಾನ, ವಿದ್ಯುತ್ತು ಉಪಮೇಯ. ಫ್ಯಾರಡೆಯು ಕ್ಷೇತ್ರಭಾವನೆಯನ್ನು ತಂದು, ಮ್ಯಾಕ್ಸ್‌ವೆಲ್ಲನು ಅದನ್ನು ಗಣಿತಕ್ಕೆ ಇಳಿಸಿದ ಬಳಿಕ ಸ್ಥಾನಗಳು ಅದಲುಬದಲಾದುವು. ವಿದ್ಯುತ್ಕಾಂತವೇ ತಿಳಿದ ವಸ್ತುವಾಗಿ, ಗುರುತ್ವವು ಅದರ ಮೂಲಕ ತಿಳಿಯಬೇಕಾದ ವಸ್ತುವಾಯಿತು. ಈ ಅದಲುಬದಲಿನ ಮೊದಲ ಪರೀಕ್ಷೆಯನ್ನು ಮಾಡಿದವನು ಮ್ಯಾಕ್ಸ್‌ವೆಲ್ಲನೇ. 1865ರಲ್ಲಿ ಅಚ್ಚಾದ ತನ್ನ ಮಹಾಪ್ರಬಂಧದಲ್ಲಿ ಗುರುತ್ವವನ್ನೂ ಅದೇ ರೀತಿ ಒಂದು ಮಾಧ್ಯಮದ ಕ್ಷೋಭೆಯೆಂದು ವಿವರಿಸಬಹುದೇ ಎಂದು ಅವನು ಕೇಳಿಕೊಂಡನು. ಸಜಾತಿಯ ವಿದ್ಯುತ್ತುಗಳು ಒಂದನ್ನೊಂದು ದೂಡುತ್ತವೆ, ಸಜಾತಿಯ ದ್ರವ್ಯಗಳು ಒಂದನ್ನೊಂದು ಸೆಳೆಯುತ್ತವೆ. ಈ ಒಂದು ಚಿಹ್ನೆಯ ವ್ಯತ್ಯಾಸದಿಂದ ಗುರುತ್ವಕ್ಷೇತ್ರದ ಶಕ್ತಿಯು ಋಣವಾಗಿಬಿಡುತ್ತದೆ. ಅಂಥ ಮಾಧ್ಯಮವನ್ನು ಕಲ್ಪಿಸುವ ಬಗೆ ತನಗೆ ತಿಳಿಯದೆಂದು ಒಪ್ಪಿ ಅವನು ಆ ದಾರಿಯನ್ನು ಅಲ್ಲಿಗೇ ಬಿಟ್ಟನು. ವಿಮರ್ಶೆಯ ದೃಷ್ಟಿಯಿಂದ ಇದು ಬಹು ದೊಡ್ಡ ಮಾತು. ಉಪಮಾನವನ್ನು ಕಟ್ಟಿದವನೇ ಅದರ ಎಲ್ಲೆಯನ್ನು ಕಂಡು ನಿಂತನು; ಅವನ ಹಿಂದೆ ಬಂದ ಬೋಧಕರು ನಿಲ್ಲಲಿಲ್ಲ. 1893ರಲ್ಲಿ ಹೆವಿಸೈಡನು ಹೋಲಿಕೆಯನ್ನು ಮುಂದಕ್ಕೆ ಎಳೆದು ಗುರುತ್ವಕ್ಕೂ ಮ್ಯಾಕ್ಸ್‌ವೆಲ್ಲನ ಮಾದರಿಯ ಸಮೀಕರಣಗಳನ್ನು ಬರೆದನು. 1905ರಲ್ಲಿ ಪ್ವಾಂಕಾರೆಯು ಬೆಳಕಿನ ವೇಗದ ಗುರುತ್ವತರಂಗವನ್ನು ಹೆಸರಿಸಿದನು. ಈ ಊಹೆಗಳು ವ್ಯರ್ಥವಾದುವಲ್ಲ. ಆದರೆ 1915ರಲ್ಲಿ ಐನ್‌ಸ್ಟೈನನು ಕೊಟ್ಟ ಸಿದ್ಧಾಂತವು ಹೋಲಿಕೆಯನ್ನು ಬೆಳಸಿ ದೊರೆತುದಲ್ಲ; ಹೋಲಿಕೆ ಮುರಿದ ಸ್ಥಳದಿಂದ ಹೊರಟು ದೊರೆತುದು.

ಆ ಮುರಿದ ಸ್ಥಳವನ್ನು ಕನ್ನಡದ ಒಂದು ಮಾತು ತಾನಾಗಿಯೇ ತೋರಿಸುತ್ತದೆ. ವಿದ್ಯುತ್ತಿನ ಮೂಲಗುಣಕ್ಕೆ ಕನ್ನಡದ ಪಠ್ಯಗಳಲ್ಲಿ ‘ಆವೇಶ’, ‘ವಿದ್ಯುದಾವೇಶ’ ಎಂಬ ಹೆಸರುಂಟು. ಇದನ್ನು ಯೋಜಿಸಿದವರು ತುಳುನಾಡಿನ ಭೂತಕೋಲವನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಲಾರರು; ಆದರೆ ಸುಳ್ಯದ ಅಥವಾ ಕಡಬದ ಒಬ್ಬ ವಿದ್ಯಾರ್ಥಿಯು ಆವೇಶವೆಂದೊಡನೆ ಕೋಲದ ಅಂಗಣವನ್ನೇ ನೆನೆಯುವನು. ಅಲ್ಲಿ ಆವೇಶವು ಎಲ್ಲರ ಮೇಲೆ ಬರುವುದಿಲ್ಲ. ಪಾತ್ರಿಯ ಮೇಲೆ ಬರುತ್ತದೆ, ನೋಡುವವರ ಮೇಲೆ ಬರುವುದಿಲ್ಲ, ಬಂದದ್ದು ಇಳಿಯುತ್ತದೆ. ವಿದ್ಯುತ್ತಿನ ವಿಷಯದಲ್ಲಿ ಇದು ಎಷ್ಟು ಯುಕ್ತವಾಗಿ ಹೊಂದುತ್ತದೆಂದರೆ, ಇಂಗ್ಲಿಷಿನ ‘ಚಾರ್ಜ್’ ಎಂಬ ಮಾತಿಗೂ ಅಷ್ಟು ಹೊಂದಿಕೆಯಿಲ್ಲ. ವಸ್ತುವಿಗೆ ವಿದ್ಯುತ್ತು ಏರಬಹುದು, ಇಳಿಯಬಹುದು. ಧನವೂ ಋಣವೂ ಸಮವಾಗಿ ಕೂಡಿದರೆ ವಸ್ತುವು ತಟಸ್ಥವಾಗಿ ನಿಲ್ಲಬಹುದು. ದ್ರವ್ಯರಾಶಿಯ ವಿಷಯದಲ್ಲಿ ಇಂಥ ಮಾತು ಹೇಳಲು ಬಾರದು. ಗುರುತ್ವಕ್ಕೆ ತಟಸ್ಥನಾದ ಪ್ರೇಕ್ಷಕನೇ ಇಲ್ಲ. ಕಲ್ಲಿಗೂ ಗಾಳಿಗೂ ಬೆಳಕಿಗೂ ಅದರ ಅಂಗಣದಲ್ಲಿ ಪಾಲುಂಟು. ಋಣದ್ರವ್ಯವೆಂಬುದು ಎಲ್ಲಿಯೂ ಕಂಡಿಲ್ಲ.

ಇದರ ಫಲವು ಪ್ರಮಾಣದಲ್ಲಿ ಸ್ಪಷ್ಟವಾಗಿ ತೋರುತ್ತದೆ. ಒಂದು ಪ್ರೋಟಾನಿಗೂ ಒಂದು ಎಲೆಕ್ಟ್ರಾನಿಗೂ ನಡುವಿನ ವಿದ್ಯುದ್ಬಲವು ಅವೆರಡರ ಗುರುತ್ವಬಲಕ್ಕಿಂತ ಸುಮಾರು 10ರ 39ನೆಯ ಘಾತದ ಎರಡರಷ್ಟು ಹೆಚ್ಚಿನದು. ಇಷ್ಟು ಬಡಬಲವಾದ ಗುರುತ್ವವು ಸೂರ್ಯನನ್ನೂ ಗ್ರಹಗಳನ್ನೂ ಆಳುವುದು ಹೇಗೆ ಎಂದು ವಿದ್ಯಾರ್ಥಿಯು ಕೇಳಿದರೆ, ರೂಪಕವನ್ನು ನಂಬಿದ ಉಪಾಧ್ಯಾಯರಲ್ಲಿ ಉತ್ತರವಿರುವುದಿಲ್ಲ. ವ್ಯತಿರೇಕವನ್ನು ಬಲ್ಲವರಲ್ಲಿ ಇರುತ್ತದೆ: ದೊಡ್ಡ ಕಾಯಗಳಲ್ಲಿ ಧನ-ಋಣಗಳು ಒಂದನ್ನೊಂದು ಅಳಿಸಿಕೊಳ್ಳುತ್ತವೆ, ದ್ರವ್ಯವು ಮಾತ್ರ ಕೂಡುತ್ತಲೇ ಹೋಗುತ್ತದೆ.

‘ಕ್ಷೇತ್ರ’ವೆಂಬ ಮಾತಿನ ಕಥೆ ಇನ್ನೂ ಕುತೂಹಲಕರವಾದುದು. ಪುತ್ತೂರು, ಸುಳ್ಯ ತಾಲೂಕುಗಳ ಗ್ರಾಮಗಳನ್ನು ಕೂಡಿಸಿ ಇತ್ತೀಚೆಗೆ ಏರ್ಪಟ್ಟ ಕಡಬ ತಾಲೂಕಿನಲ್ಲಿ ಕ್ಷೇತ್ರವೆಂದರೆ ಮೊದಲು ಕುಕ್ಕೆ ಸುಬ್ರಹ್ಮಣ್ಯ. ಚುನಾವಣೆಯ ಕಾಲದಲ್ಲಿ ಅದೇ ಮಾತಿಗೆ ಬೇರೆ ಅರ್ಥ, ಸಂಸ್ಕೃತದಲ್ಲಿ ಮೂಲತಃ ಉಳುವ ಹೊಲ, ಭಗವದ್ಗೀತೆಯಲ್ಲಿ ಶರೀರ. ಇಂಗ್ಲಿಷಿನ ‘ಫೀಲ್ಡ್’ ಎಂಬುದೂ ಹೊಲವೇ ಆದುದರಿಂದ ಭಾಷಾಂತರವು ಅಕ್ಷರಶಃ ಸರಿಯಾಗಿಯೇ ಇದೆ. ತೊಡಕು ಇರುವುದು ಅದನ್ನು ಎರಡು ಬಲಗಳಿಗೂ ಒಂದೇ ಅರ್ಥದಲ್ಲಿ ಹೊದಿಸುವುದರಲ್ಲಿ. ವಿದ್ಯುತ್ಕ್ಷೇತ್ರವನ್ನು ಹೊಲದ ಮೇಲಣ ಬೆಳೆಗೆ ಹೋಲಿಸಬಹುದು. ನೆಲವು ಮೊದಲೇ ಇದೆ. ಬೆಳೆಯು ಅದರ ಮೇಲೆ ಇಲ್ಲಿ ದಟ್ಟವಾಗಿಯೂ ಅಲ್ಲಿ ವಿರಳವಾಗಿಯೂ ಇರುತ್ತದೆ. ಕೊಯ್ದು ತೆಗೆದರೂ ನೆಲ ಉಳಿಯುತ್ತದೆ. ಐನ್‌ಸ್ಟೈನನ ಮತದಂತೆ ಗುರುತ್ವಕ್ಷೇತ್ರವೆಂದರೆ ಆ ನೆಲವೇ. ದೇಶ-ಕಾಲಗಳೆಂಬ ನೆಲದ ಏರುತಗ್ಗುಗಳಿಗೇ ಗುರುತ್ವವೆಂದು ಹೆಸರು. ಇದನ್ನು ಕೊಯ್ದು ಬೇರೆ ಮಾಡುವುದಕ್ಕಾಗದು.

ಇದು ಬರಿಯ ಮಾತಿನ ಚಮತ್ಕಾರವೆಂದು ಯಾರಾದರೂ ಸಂದೇಹಿಸಿದರೆ ಅಡಕೆಯ ತೋಟಕ್ಕೆ ಹೋಗಿ ಪರೀಕ್ಷಿಸಬಹುದು. ಕೊಯ್ಲಿನ ಹೊತ್ತಿನಲ್ಲಿ ಕೈಜಾರಿದ ಗೊನೆಯೊಂದು ಮರದ ತುದಿಯಿಂದ ಬೀಳುತ್ತದೆ ಎನ್ನೋಣ. ಗಾಳಿಯ ತಡೆಯನ್ನು ಬಿಟ್ಟರೆ ಗೊನೆಯ ಪ್ರತಿಯೊಂದು ಅಡಕೆಯೂ, ಅದರ ಜತೆ ಕಳಚಿದ ಸಿಪ್ಪೆಯ ಚೂರೂ ಒಂದೇ ವೇಗೋತ್ಕರ್ಷದಿಂದ ಇಳಿಯುತ್ತವೆ. ಬೀಳುವಷ್ಟು ಹೊತ್ತು ಒಂದು ಅಡಕೆಯ ಭಾರವು ಇನ್ನೊಂದರ ಮೇಲೆ ಬೀಳುವುದಿಲ್ಲ; ಗೊನೆಯ ಮಟ್ಟಿಗೆ ಗುರುತ್ವವೆಂಬುದೇ ಅಡಗಿಹೋಗಿರುತ್ತದೆ. ವಿದ್ಯುತ್ಕ್ಷೇತ್ರದಲ್ಲಿ ಹೀಗಾಗದು. ಅಲ್ಲಿ ಪ್ರತಿ ಕಣವೂ ತನ್ನ ಆವೇಶಕ್ಕೂ ದ್ರವ್ಯಕ್ಕೂ ಇರುವ ಪ್ರಮಾಣಕ್ಕೆ ತಕ್ಕಂತೆ ಬೇರೆ ಬೇರೆಯಾಗಿ ಚಲಿಸುವುದರಿಂದ, ಯಾವನೂ ತಾನು ಬಿದ್ದು ಆ ಕ್ಷೇತ್ರವನ್ನು ಇಲ್ಲವಾಗಿಸಲಾರನು. ಬೀಳುವವನಿಗೆ ಉಳಿಯುವ ಗುರುತ್ವವೆಂದರೆ ಒಂದು ಎಡೆಗೂ ಅದರ ಪಕ್ಕದ ಎಡೆಗೂ ಇರುವ ಸೂಕ್ಷ್ಮವಾದ ವ್ಯತ್ಯಾಸ ಮಾತ್ರ. ಕಡಲಿನ ಉಬ್ಬರವಿಳಿತಕ್ಕೆ ಕಾರಣವಾದುದೂ ಅದೇ ವ್ಯತ್ಯಾಸ. ಆದಕಾರಣ ಗುರುತ್ವಕ್ಷೇತ್ರದ ಶಕ್ತಿಯು ಇಂಥ ಬಿಂದುವಿನಲ್ಲಿ ಇಷ್ಟಿದೆ ಎಂದು ಬೊಟ್ಟುಮಾಡಿ ಹೇಳುವುದು ಸಾಧ್ಯವಿಲ್ಲ. ಮ್ಯಾಕ್ಸ್‌ವೆಲ್ಲನನ್ನು ನಿಲ್ಲಿಸಿದ ತೊಡಕು ಐವತ್ತು ವರ್ಷಗಳ ಮೇಲೆ ಈ ರೂಪದಲ್ಲಿ ತನ್ನ ನಿಜಸ್ವರೂಪವನ್ನು ತೋರಿಸಿತು.

ಇಲ್ಲಿ ‘ಗುರುತ್ವಾಕರ್ಷಣೆ’ ಎಂಬ ಹಳೆಯ ಶಬ್ದದ ಮೇಲೆ ಒಂದು ಆಕ್ಷೇಪವನ್ನು ಎತ್ತಬೇಕಾಗುತ್ತದೆ. ಆಕರ್ಷಣೆಯೆಂಬುದು ಸೆಳೆತ; ಸೆಳೆಯುವವನೊಬ್ಬ, ಸೆಳೆಯಲ್ಪಡುವವನೊಬ್ಬ ಎಂಬ ಕಲ್ಪನೆಯು ಅದರಲ್ಲಿ ಅಡಕವಾಗಿದೆ. 1150ರಲ್ಲಿ ರಚಿತವಾದ ಭಾಸ್ಕರಾಚಾರ್ಯರ ಸಿದ್ಧಾಂತಶಿರೋಮಣಿಯಲ್ಲಿ ಭೂಮಿಗೆ ಆಕರ್ಷಣಶಕ್ತಿಯುಂಟೆಂಬ ಮಾತು ಬಂದಿರುವುದರಿಂದ ಈ ಪದಕ್ಕೆ ಪ್ರಾಚೀನತೆಯ ಗೌರವವೂ ದೊರೆತಿದೆ. ಆ ಗೌರವವನ್ನು ಕಳೆಯಬೇಕಾಗಿಲ್ಲ. ಆದರೆ ಅಲ್ಲಿ ನ್ಯೂಟನನ ವಿಲೋಮವರ್ಗನಿಯಮವನ್ನು ಓದುವವರು ಆಚಾರ್ಯರಿಗೆ ಉಪಕಾರ ಮಾಡಿದಂತಾಗುವುದಿಲ್ಲ. ನ್ಯೂಟನನ ಕಾಲದ ಮಟ್ಟಿಗೆ ಗುರುತ್ವಾಕರ್ಷಣೆಯೆಂಬುದು ಸಾಧುವಾದ ಶಬ್ದ. ಐನ್‌ಸ್ಟೈನನನ್ನು ಕುರಿತು ಬರೆಯುವಾಗ ಬರಿಯ ‘ಗುರುತ್ವ’ವೇ ಮೇಲು, ಅದು ಭಾರವಿರುವಿಕೆಯನ್ನು ಹೇಳಿ, ಕಾರಣದ ವಿಷಯದಲ್ಲಿ ಸುಮ್ಮನಿರುತ್ತದೆ. ಕನ್ನಡದಲ್ಲಿ ಎರಡು ಶಬ್ದಗಳೂ ಚಲಾವಣೆಯಲ್ಲಿರುವುದು ಒಂದು ಅನುಕೂಲವೇ. ಅವುಗಳನ್ನು ಪರ್ಯಾಯಪದಗಳೆಂದು ಒಂದೇ ಪುಟದಲ್ಲಿ ಬೆರೆಸಿ ಬರೆಯುವ ರೂಢಿಯೇ ದೋಷ.

ತರಂಗಕ್ಕೆ ಬಂದರೆ ತೊಡಕು ಇಮ್ಮಡಿಯಾಗುತ್ತದೆ. ಸುಬ್ರಹ್ಮಣ್ಯದ ಬಳಿಯಿಂದ ಇಳಿದುಬರುವ ಕುಮಾರಧಾರೆಯು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ಆ ಸಂಗಮದ ನೀರಿನ ಮೇಲೆ ಏಳುವ ಅಲೆಗಳನ್ನು ದ್ರವಗತಿಶಾಸ್ತ್ರದಲ್ಲಿ ಗುರುತ್ವದ ಅಲೆಗಳೆಂದೇ ಕರೆಯುತ್ತಾರೆ. ಉಬ್ಬಿದ ನೀರನ್ನು ಕೆಳಗಿಳಿಸುವುದು ಭೂಮಿಯ ಗುರುತ್ವವಾದುದರಿಂದ ಆ ಹೆಸರು. ಇಂಗ್ಲಿಷಿನಲ್ಲಿ ಇವಕ್ಕೂ ಐನ್‌ಸ್ಟೈನನ ತರಂಗಗಳಿಗೂ ವಿಶೇಷಣದ ರೂಪವನ್ನು ಸ್ವಲ್ಪ ಬದಲಿಸಿ ಭೇದವನ್ನು ಕಾಪಾಡುತ್ತಾರೆ. ಕನ್ನಡದಲ್ಲಿ ಎರಡನ್ನೂ ‘ಗುರುತ್ವದ ಅಲೆ’ ಎಂದುಬಿಟ್ಟರೆ ನದಿಯ ಅಲೆಗೂ ದೇಶ-ಕಾಲಗಳ ಕಂಪನಕ್ಕೂ ಹೆಸರು ಒಂದೇ ಆಗುತ್ತದೆ. ನೀರಿನದಕ್ಕೆ ‘ಅಲೆ’ಯನ್ನೂ ಇನ್ನೊಂದಕ್ಕೆ ‘ತರಂಗ’ವನ್ನೂ ನಿಯತಗೊಳಿಸಿದರೆ ಅಚ್ಚಗನ್ನಡ, ತತ್ಸಮಗಳೆರಡಕ್ಕೂ ಕೆಲಸ ದೊರೆತಂತಾಗುತ್ತದೆ.

ವಿದ್ಯುತ್ಕಾಂತ ತರಂಗದ ಗುಣವನ್ನು ಈ ಸೀಮೆಯ ಜನರಿಗೆ ಯಾರೂ ಕಲಿಸಬೇಕಾಗಿಲ್ಲ. 1712 ಮೀಟರು ಎತ್ತರದ ಕುಮಾರಪರ್ವತವೂ ಅದರ ಆಸುಪಾಸಿನ ಘಟ್ಟಗಳೂ ಅಡ್ಡ ನಿಂತಿರುವ ಕಣಿವೆಗಳಲ್ಲಿ, ನೇರ ದೃಷ್ಟಿಯಲ್ಲಿ ಸಾಗುವ ಹ್ರಸ್ವತರಂಗಗಳು ಗುಡ್ಡದ ನೆರಳಿನಲ್ಲಿ ಸಿಕ್ಕಿ ಕುಂದುತ್ತವೆ. ದೀರ್ಘವಾದವು ಬಾಗಿ ಬರುತ್ತವೆ. 2021ರ ಜೂನಿನಲ್ಲಿ ಸುಳ್ಯ ತಾಲೂಕಿನ ಗುತ್ತಿಗಾರಿನ ಕಡೆ, ಮನೆಯಲ್ಲಿ ಮೊಬೈಲಿನ ಸಂಕೇತ ಸಿಕ್ಕದ ಕಾರಣ, ಬಾಲಕಿಯೊಬ್ಬಳು ಸುರಿವ ಮಳೆಯಲ್ಲಿ ರಸ್ತೆಯ ಬದಿ ಕುಳಿತು ಪಾಠ ಕೇಳುತ್ತಿದ್ದುದನ್ನೂ ಅವಳ ತಂದೆ ಕೊಡೆ ಹಿಡಿದು ನಿಂತುದನ್ನೂ ದೇಶವೆಲ್ಲ ಚಿತ್ರದಲ್ಲಿ ಕಂಡಿತು. ತರಂಗವೆಂದರೆ ಗುಡ್ಡ ತಡೆಯುವ ವಸ್ತು ಎಂಬುದು ಅಂಥ ಮಕ್ಕಳ ಅನುಭವಸಿದ್ಧವಾದ ಜ್ಞಾನ. ಗುರುತ್ವತರಂಗವೂ ಹಾಗೆಯೇ ಒಂದು ತರಂಗವೆಂದು ಅವರಿಗೆ ಹೇಳಿದರೆ ಅವರು ಗ್ರಹಿಸುವುದು ತಪ್ಪಾಗಿಯೇ. ಅದಕ್ಕೆ ಕುಮಾರಪರ್ವತವೂ ಅಡ್ಡಿಯಲ್ಲ, ಇಡಿಯ ಭೂಗೋಲವೂ ಅಡ್ಡಿಯಲ್ಲ. ಋಣದ್ರವ್ಯವಿಲ್ಲದುದರಿಂದ ಅದಕ್ಕೆ ಮರೆಯೊಡ್ಡುವ ತೆರೆಯನ್ನು ಕಟ್ಟಲಾಗದು. ತಡೆಯಿಲ್ಲದ ಈ ಗುಣಕ್ಕೆ ಅದು ತೆತ್ತ ಬೆಲೆಯೂ ಉಂಟು: ಯಾವುದೂ ತಡೆಯದ ತರಂಗವನ್ನು ಯಾವ ಯಂತ್ರವೂ ಸುಲಭವಾಗಿ ಹಿಡಿಯಲಾರದು.

ಹುಟ್ಟಿನಲ್ಲಿಯೂ ಭೇದವುಂಟು. ಒಂದು ಆವೇಶವನ್ನು ಹಿಂದಕ್ಕೂ ಮುಂದಕ್ಕೂ ಅಲುಗಿಸಿದರೆ ವಿದ್ಯುತ್ಕಾಂತ ತರಂಗವು ಹೊರಡುತ್ತದೆ. 1887ರಿಂದ ಹರ್ಟ್ಸನು ನಡಸಿದ ಪ್ರಯೋಗಗಳೂ, 1895ರಲ್ಲಿ ಕಲಕತ್ತೆಯಲ್ಲಿ ಜಗದೀಶಚಂದ್ರ ಬೋಸರು ತೋರಿಸಿದ ಪ್ರಯೋಗವೂ ಇದೇ ತತ್ತ್ವದ ಮೇಲೆ ನಿಂತುವು. ದ್ರವ್ಯದ ವಿಷಯದಲ್ಲಿ ಇಷ್ಟು ಸಾಲದು. ದೋಣಿಯಲ್ಲಿ ನಿಂತವನು ಮುಂದಕ್ಕೆ ಹೆಜ್ಜೆಯಿಟ್ಟರೆ ದೋಣಿಯು ಹಿಂದಕ್ಕೆ ಸರಿಯುತ್ತದೆ. ಇಬ್ಬರ ಒಟ್ಟು ದ್ರವ್ಯಕೇಂದ್ರವು ಇದ್ದಲ್ಲಿಯೇ ಇರುತ್ತದೆ. ಹೀಗೆ ಒಂದರ ಅಲುಗಾಟವನ್ನು ಮತ್ತೊಂದರ ಹಿನ್ನಡೆಯು ಅಳಿಸಿಬಿಡುವುದರಿಂದ ಗುರುತ್ವದಲ್ಲಿ ದ್ವಿಧ್ರುವದ ತರಂಗವಿಲ್ಲ. ಆಕಾರವೇ ಬದಲಾಗುವ ಚತುರ್ಧ್ರುವದ ಚಲನೆಯಿಂದ ಮಾತ್ರ ಅದು ಹುಟ್ಟುತ್ತದೆ. ವಿದ್ಯುತ್ಕಾಂತ ತರಂಗವು ತನ್ನ ಹಾದಿಯ ಕಣವನ್ನು ಒಂದು ಗೆರೆಯ ಮೇಲೆ ಆಡಿಸುತ್ತದೆ. ಗುರುತ್ವತರಂಗವಾದರೋ ಕಣಗಳ ಒಂದು ಬಳೆಯನ್ನು ಒಂದು ದಿಕ್ಕಿಗೆ ಹಿಗ್ಗಿಸಿ ಅದಕ್ಕೆ ಅಡ್ಡವಾದ ದಿಕ್ಕಿಗೆ ಕುಗ್ಗಿಸುತ್ತದೆ, ಮರುಕ್ಷಣ ಅದಕ್ಕೆ ವಿಪರೀತವಾಗಿ. ಎರಡಕ್ಕೂ ಧ್ರುವೀಕರಣದ ಬಗೆಗಳು ಎರಡೆರಡೇ. ಆದರೆ ಅವುಗಳ ನಡುವಣ ಕೋನವು ಮೊದಲನೆಯದರಲ್ಲಿ 90 ಅಂಶ, ಎರಡನೆಯದರಲ್ಲಿ 45. ಇನ್ನೊಂದು ಮಾತು: ಕತ್ತಲೆಯ ತೋಟದಲ್ಲಿ ಇಬ್ಬರು ಹಿಡಿದ ಸೂಟೆಗಳ ಬೆಳಕು ಒಂದನ್ನೊಂದು ಹಾಯ್ದುಹೋಗುತ್ತದೆ, ಒಂದಕ್ಕೆ ಇನ್ನೊಂದರ ಪರಿವೆಯಿಲ್ಲ. ಬೆಳಕಿಗೆ ಆವೇಶವಿಲ್ಲದುದೇ ಕಾರಣ. ಗುರುತ್ವಕ್ಕೆ ಶಕ್ತಿಯೆಲ್ಲವೂ ಮೂಲವಾದುದರಿಂದ ಗುರುತ್ವತರಂಗದ ಶಕ್ತಿಯೂ ಗುರುತ್ವವನ್ನು ಹುಟ್ಟಿಸುತ್ತದೆ. ಈ ಸ್ವಸಂಬಂಧದಿಂದ ಅದರ ಗಣಿತವು ಬಹು ಜಟಿಲವಾಯಿತು.

ಎಷ್ಟು ಜಟಿಲವೆಂದರೆ, 1916ರಲ್ಲಿ ಈ ತರಂಗವನ್ನು ಊಹಿಸಿ 1918ರಲ್ಲಿ ಅದರ ಚತುರ್ಧ್ರುವಸೂತ್ರವನ್ನು ಬರೆದ ಐನ್‌ಸ್ಟೈನನೇ 1936ರಲ್ಲಿ ರೋಸೆನ್ನನೊಡನೆ ಸೇರಿ ಅಂಥ ತರಂಗವಿಲ್ಲವೆಂದು ಪ್ರಬಂಧ ಬರೆದನು; ಪರಿಶೀಲಕನೊಬ್ಬನು ಅದರ ದೋಷವನ್ನು ಕಂಡನು; ಮರುವರ್ಷ ಬೇರೆಡೆ ಪ್ರಕಟವಾಗುವಾಗ ತೀರ್ಮಾನವು ತಿರುಗಿತ್ತು. ಪುತ್ತೂರಿನಿಂದ ಬಾಲಪ್ರಪಂಚವು ಹೊರಟ ವರ್ಷವೂ 1936ನೆಯದೇ. ಕಾರಂತರ ಗ್ರಂಥಗಳಲ್ಲಿ ಗುರುತ್ವತರಂಗದ ವಿವರವನ್ನು ಹುಡುಕಿ ಕೊರತೆಯೆಣಿಸುವವರು ಈ ಕಾಲಸಂಯೋಗವನ್ನು ಮರೆಯಬಾರದು. ಕರ್ತೃವಿಗೇ ಸಂಶಯವಿದ್ದ ವಸ್ತುವನ್ನು ಮಕ್ಕಳ ಗ್ರಂಥದಲ್ಲಿ ಬರೆಯಲಿಲ್ಲವೆಂಬುದು ಆಕ್ಷೇಪವಾಗಲಾರದು. ತರಂಗವು ಶಕ್ತಿಯನ್ನು ನಿಜವಾಗಿ ಒಯ್ಯುತ್ತದೆಂಬ ವಿಷಯದಲ್ಲಿ ವಿದ್ವಾಂಸರ ಒಮ್ಮತವು ಗಟ್ಟಿಗೊಳ್ಳತೊಡಗಿದುದು 1957ರ ಚಾಪೆಲ್ ಹಿಲ್ ಸಮ್ಮೇಲನದಿಂದ ಈಚೆಗೆ. 1974ರಲ್ಲಿ ಹಲ್ಸ್, ಟೇಲರ್ ಇಬ್ಬರು ಕಂಡುಹಿಡಿದ ಜೋಡಿ ನಕ್ಷತ್ರದ ಕಕ್ಷೆಯು ಸೂತ್ರದಂತೆಯೇ ಕುಗ್ಗುತ್ತಿರುವುದು ಬಳಿಕ ತಿಳಿದುಬಂತು. ಅದೂ ಪರೋಕ್ಷಪ್ರಮಾಣವೇ.

ಪ್ರತ್ಯಕ್ಷವು ಒದಗಿದುದು 2015ರ ಸೆಪ್ಟೆಂಬರ್ 14ರಂದು. ಸೂರ್ಯನ ಸುಮಾರು 36 ಪಾಲು ಮತ್ತು 29 ಪಾಲು ದ್ರವ್ಯವುಳ್ಳ ಎರಡು ಕೃಷ್ಣವಿವರಗಳು ನೂರಮೂವತ್ತು ಕೋಟಿ ಜ್ಯೋತಿರ್ವರ್ಷಗಳಷ್ಟು ದೂರದಲ್ಲಿ ಕೂಡಿಹೋದಾಗ ಮೂರು ಸೂರ್ಯರಷ್ಟು ದ್ರವ್ಯವು ತರಂಗವಾಗಿ ಹೊರಟಿತು. ಅಮೆರಿಕದ ಲೈಗೋ ಯಂತ್ರಗಳ ನಾಲ್ಕು ಕಿಲೋಮೀಟರಿನ ತೋಳುಗಳಲ್ಲಿ ಅದು ಮಾಡಿದ ವ್ಯತ್ಯಾಸವು ಪ್ರೋಟಾನಿನ ವ್ಯಾಸದ ನೂರಾರು ಪಾಲುಗಳಲ್ಲಿ ಒಂದು ಪಾಲಿನಷ್ಟು. ಇದಕ್ಕೆ ಎದುರಾಗಿ, ಸೂರ್ಯನ ಸುತ್ತ ತಿರುಗುವ ಭೂಮಿಯು ಹೊರಸೂಸುವ ಗುರುತ್ವತರಂಗದ ಒಟ್ಟು ಶಕ್ತಿಯು ಸೆಕೆಂಡಿಗೆ ಸುಮಾರು 200 ಜೂಲುಗಳು, ಅಂದರೆ ಹಳೆಯ ಮಾದರಿಯ ಎರಡು ವಿದ್ಯುದ್ದೀಪಗಳಷ್ಟು. ವಿಮರ್ಶಕನು ಗಮನಿಸಬೇಕಾದ ಅಂಶವು ಆ ಯಂತ್ರದ ರಚನೆಯಲ್ಲಿದೆ. ಲೈಗೋವಿನ ತೋಳುಗಳಲ್ಲಿ ಓಡಾಡಿ ಅಳತೆ ಮಾಡುವುದು ಲೇಸರ್ ಬೆಳಕು. ಯಾವ ವಿದ್ಯುತ್ಕಾಂತ ತರಂಗವು ನೂರೈವತ್ತು ವರ್ಷಗಳಿಂದ ಉಪಮಾನವಾಗಿತ್ತೋ ಅದೇ ಇಲ್ಲಿ ಅಳತೆಗೋಲಾಗಿ, ಉಪಮೇಯದ ಅಸ್ತಿತ್ವಕ್ಕೆ ಸಾಕ್ಷಿ ನುಡಿಯಿತು. ಕಾವ್ಯದಲ್ಲಿ ಇಂಥ ಪ್ರಸಂಗವು ವಿರಳ.

ಈ ಘಟನೆಯ ಬಳಿಕ ವಿಶ್ವವು ‘ಕೇಳಿಸಿತು’ ಎಂಬ ಮಾತು ಪತ್ರಿಕೆಗಳಲ್ಲಿ ಹಬ್ಬಿತು. ಗುರುತ್ವತರಂಗವು ಶಬ್ದವಲ್ಲ, ಅದಕ್ಕೆ ಗಾಳಿ ಬೇಕಾಗಿಲ್ಲ. ಆದರೂ ಈ ಲಕ್ಷಣಾರ್ಥಕ್ಕೆ ಪ್ರಯೋಜನವುಂಟೆಂದು ಒಪ್ಪಬೇಕು. ಬೆಳಕಿನ ತರಂಗವು ಹೊರಡುವ ಕಾಯಕ್ಕಿಂತ ಬಹು ಚಿಕ್ಕದಾದುದರಿಂದ ಕಾಯದ ಚಿತ್ರವನ್ನು ಕೊಡಬಲ್ಲದು. ಸೆಕೆಂಡಿಗೆ 100 ಆವರ್ತನೆಯ ಗುರುತ್ವತರಂಗದ ಉದ್ದವು ಸುಮಾರು 3000 ಕಿಲೋಮೀಟರು. ಅದನ್ನು ಹೊರಡಿಸಿದ ಕಾಯಗಳು ಅದಕ್ಕಿಂತ ಚಿಕ್ಕವು. ಆದುದರಿಂದ ಚಿತ್ರವಿಲ್ಲ, ಸ್ವರದಂಥ ಒಂದು ಏರಿಳಿತ ಮಾತ್ರ ದೊರೆಯುತ್ತದೆ. ಬೆಳಕು ಅಸಂಖ್ಯ ಕಣಗಳ ಸ್ವತಂತ್ರ ಚಲನೆಯ ಗದ್ದಲ. ಇದಾದರೋ ಇಡಿಯ ಕಾಯಗಳು ಒಟ್ಟಾಗಿ ಆಡಿದ ಒಂದೇ ಮಾತು. ಪುತ್ತೂರು-ಸುಳ್ಯಗಳ ಸಹೃದಯರಿಗೆ ಇದಕ್ಕೆ ಮನೆಯ ಬಾಗಿಲಲ್ಲಿಯೇ ದೃಷ್ಟಾಂತವುಂಟು. ಬಯಲಾಟದಲ್ಲಿ ವೇಷವಿದೆ, ಬಣ್ಣವಿದೆ, ಕುಣಿತವಿದೆ. ತಾಳಮದ್ದಳೆಯಲ್ಲಿ ಅವೊಂದೂ ಇಲ್ಲ, ಹಾಡೂ ಅರ್ಥವೂ ಮಾತ್ರ. ಪ್ರಸಂಗವು ಒಂದೇ ಆಗಿದ್ದರೂ ಬಯಲಾಟದಲ್ಲಿ ಕಾಣುವುದು ತಾಳಮದ್ದಳೆಯಲ್ಲಿ ಕಾಣದು. ತಾಳಮದ್ದಳೆಯಲ್ಲಿ ಬಿಚ್ಚಿಕೊಳ್ಳುವ ಪಾತ್ರದ ಅಂತರಂಗವು ಬಯಲಾಟದಲ್ಲಿ ಅಷ್ಟಾಗಿ ಬಿಚ್ಚಿಕೊಳ್ಳದು. ದೂರದರ್ಶಕದ ಖಗೋಲಶಾಸ್ತ್ರಕ್ಕೂ ಗುರುತ್ವತರಂಗದ ಖಗೋಲಶಾಸ್ತ್ರಕ್ಕೂ ಇರುವ ಸಂಬಂಧವು ಹೆಚ್ಚುಕಡಮೆ ಇಂಥದೇ.

ಬೆಂಗಳೂರಿನ ಸಿ. ವಿ. ವಿಶ್ವೇಶ್ವರ ಅವರು 1970ರಲ್ಲಿಯೇ, ಕ್ಷೋಭೆಗೊಂಡ ಕೃಷ್ಣವಿವರವು ಬಡಿದ ಗಂಟೆಯಂತೆ ಕ್ರಮವಾಗಿ ಅಡಗುವ ಒಂದು ನಿಯತಸ್ವರವನ್ನು ಹೊರಡಿಸುವುದೆಂದು ಗಣಿತದಿಂದ ತೋರಿಸಿದ್ದರು. ಮಡಕೆಯನ್ನು ಕೊಳ್ಳುವವರು ಬೆರಳಿನಿಂದ ಬಡಿದು ನಾದದಿಂದ ಅದರ ಗುಣವನ್ನು ತಿಳಿಯುವ ಹಾಗೆ, ಆ ಸ್ವರದಿಂದ ಕೃಷ್ಣವಿವರದ ದ್ರವ್ಯವನ್ನೂ ಭ್ರಮಣವನ್ನೂ ತಿಳಿಯಬಹುದು. 2015ರ ತರಂಗದ ಕೊನೆಯ ಭಾಗದಲ್ಲಿ ಆ ಅಡಗುವಿಕೆಯು ಕಂಡುಬಂತು. 2017ರ ಜನವರಿಯಲ್ಲಿ ನಿಧನರಾಗುವ ಮುನ್ನ ವಿಶ್ವೇಶ್ವರರು ಅದನ್ನು ಅರಿತಿದ್ದರು. ಅಳತೆಯಲ್ಲಿಯೂ ಈ ‘ಶ್ರವಣ’ಕ್ಕೆ ಒಂದು ಹೆಚ್ಚಳವುಂಟು. ದೂರದರ್ಶಕವು ಅಳೆಯುವುದು ಬೆಳಕಿನ ತೀವ್ರತೆಯನ್ನು. ಅದು ದೂರದ ವರ್ಗದಂತೆ ಕುಗ್ಗುತ್ತದೆ. ಲೈಗೋ ಅಳೆಯುವುದು ತರಂಗದ ಎತ್ತರವನ್ನು. ಅದು ಬರಿಯ ದೂರದಂತೆ ಕುಗ್ಗುತ್ತದೆ. ಆದುದರಿಂದ ಈ ಯಂತ್ರದ ಸೂಕ್ಷ್ಮತೆಯನ್ನು ಇಮ್ಮಡಿಗೊಳಿಸಿದರೆ ಅದಕ್ಕೆ ಗೋಚರವಾಗುವ ಆಕಾಶದ ಗಾತ್ರವು ಎಂಟುಮಡಿಯಾಗುತ್ತದೆ. ಲೇಖನದ ಮೊದಲಿಗೆ ಹೇಳಿದ ವಿಲೋಮವರ್ಗದ ಸಾಮ್ಯವು ಇಲ್ಲಿ ಎಷ್ಟು ಮೋಸಗೊಳಿಸಬಲ್ಲದೆಂಬುದನ್ನು ಉಪಾಧ್ಯಾಯರು ಗಮನಿಸುವುದು ಒಳ್ಳೆಯದು.

ಸಾಧಾರಣಧರ್ಮವು ನಿಜವಾಗಿ ಉಳಿದಿರುವ ಒಂದು ಸ್ಥಳವಿದೆ. ಅದಕ್ಕೆ ಪ್ರಮಾಣವು 2017ರ ಆಗಸ್ಟ್ 17ರಂದು ದೊರೆಯಿತು. ಸುಮಾರು ಹದಿಮೂರು ಕೋಟಿ ಜ್ಯೋತಿರ್ವರ್ಷಗಳ ದೂರದಲ್ಲಿ ಎರಡು ನ್ಯೂಟ್ರಾನ್ ನಕ್ಷತ್ರಗಳು ಕೂಡಿದಾಗ ಹೊರಟ ಗುರುತ್ವತರಂಗವೂ ಗಾಮಾಕಿರಣವೂ ಇಷ್ಟು ದೀರ್ಘವಾದ ದಾರಿಯನ್ನು ಸವೆಸಿ 1.7 ಸೆಕೆಂಡುಗಳ ಅಂತರದಲ್ಲಿ ಭೂಮಿಯನ್ನು ಮುಟ್ಟಿದುವು. ವೇಗವು ಒಂದೇ ಎಂಬ ಮಾತಿಗೆ ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಬೇಕಾಗದು. ಅಂದು ಒಂದೇ ಪ್ರಸಂಗವು ಬಯಲಾಟವಾಗಿಯೂ ತಾಳಮದ್ದಳೆಯಾಗಿಯೂ ನಡೆಯಿತೆನ್ನಬಹುದು.

ಇನ್ನು ಉಳಿದಿರುವುದು ಹೋಲಿಕೆಯ ಕಟ್ಟಕಡೆಯ ಮೆಟ್ಟಿಲು. ಬೆಳಕಿಗೆ ಫೋಟಾನೆಂಬ ಕಣವಿರುವಂತೆ ಗುರುತ್ವಕ್ಕೂ ಗ್ರಾವಿಟಾನೆಂಬ ಕಣವಿರಬೇಕೆಂದು ಸಾದೃಶ್ಯದ ಬಲದಿಂದ ಊಹಿಸಲಾಗಿದೆ. ಅದನ್ನು ಯಾವ ಪ್ರಯೋಗವೂ ಈವರೆಗೆ ಕಂಡಿಲ್ಲ. ಕನ್ನಡದ ಲೇಖಕರು ಎರಡನ್ನೂ ಒಂದೇ ಪಂಕ್ತಿಯಲ್ಲಿ, ಒಂದೇ ನಿಶ್ಚಯದ ಧ್ವನಿಯಲ್ಲಿ ಬರೆಯುವುದು ಸರಿಯಲ್ಲ. ಫೋಟಾನಿಗೆ ‘ಉಂಟು’ ಎಂಬ ಕ್ರಿಯಾಪದವೂ ಗ್ರಾವಿಟಾನಿಗೆ ‘ಇರಬಹುದು’ ಎಂಬುದೂ ಸಲ್ಲುತ್ತವೆ. ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ ಭಾರತದ ಲೈಗೋವನ್ನು ಕಟ್ಟಲು 2023ರಲ್ಲಿ ಕೇಂದ್ರ ಸರ್ಕಾರದ ಪೂರ್ಣ ಸಮ್ಮತಿ ದೊರೆತಿದೆ. ಆ ಯಂತ್ರವು ಹೇಳುವ ಸುದ್ದಿಯನ್ನು ಸುಳ್ಯದ ಶಾಲೆಯೊಂದರಲ್ಲಿ ಕನ್ನಡದಲ್ಲಿ ಹೇಳಬೇಕಾದ ದಿನ ಬಂದಾಗ ಈ ಎರಡು ಕ್ರಿಯಾಪದಗಳ ಅಂತರವು ಪಾಠಪುಸ್ತಕದಲ್ಲಿ ಉಳಿದಿರಬೇಕು.